ಟಿಸಿಗೆ ಮಾತ್ರ ಬರೆದುಕೊಡಬೇಡಿ

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಹಳ್ಳಿ. ದೊಡ್ಡ ಮಗನಿಗೆ 11, ಅವಳಿ ಗಂಡುಮಕ್ಕಳಿಗೆ 7. ಮೂವರಿಗೂ ಆಟಿಸಂ, ಮೂವರೂ ಊರಿನ ಸರ್ಕಾರಿ ಶಾಲೆಯಲ್ಲೇ ಇದ್ದಾರೆ. ದೊಡ್ಡವನು ಹೊಂದಿಕೊಂಡಿದ್ದಾನೆ. ಅವಳಿಗಳು ಕೂಗಾಡುತ್ತಾರೆಂದು ದಿನಾ 11 ಗಂಟೆಗೆ ಫೋನ್ ಬರುತ್ತೆ, ಹೋಗಿ ಕರ್ಕೊಂಡು ಬರ್ತೀನಿ. ಈಗ ಹೆಡ್ ಮೇಷ್ಟ್ರು ‘ನೀವೇ ಟಿಸಿಗೆ ಬರೆದುಕೊಡಿ’ ಅಂತಿದ್ದಾರೆ. ಯಜಮಾನರು ಮೂವರನ್ನೂ ಬಿಡಿಸಿ ತುಮಕೂರಿನಲ್ಲಿ ಮನೆ ಮಾಡೋಣ ಅಂತಾರೆ. ಎದುರು ಮಾತಾಡಿದರೆ ದೊಡ್ಡವನ ಮೇಲೆ ತೀರಿಸಿಕೊಂಡಾರೆಂಬ ಭಯ ನನಗೆ.

ಉತ್ತರ: ಅಮ್ಮಾ, ಬರೆದುಕೊಡಬೇಡಿ. ನಿಮ್ಮ ಸಹಿಯ ಅರ್ಜಿ ಕಡತ ಸೇರಿತೆಂದರೆ, ನೀವೇ ಬಿಡಿಸಿಕೊಂಡು ಹೋದಿರಿ ಎಂದಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನಂತೆ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಮೇಷ್ಟ್ರಿಗೂ ಇದು ಗೊತ್ತಿರಬೇಕು, ಅದಕ್ಕೇ ‘ನೀವೇ’ ಎನ್ನುವುದು.

ಶಾಲೆಯೂ ಯಜಮಾನರೂ ಮೂವರನ್ನು ಒಂದೇ ಗಂಟು ಕಟ್ಟಿ ನೋಡುತ್ತಿದ್ದಾರೆ. ಮೊದಲು ಆ ಗಂಟು ಬಿಚ್ಚಿ. ಒಬ್ಬೊಬ್ಬನಿಗೂ ಬೇರೆ ನೋಟ್‌ಬುಕ್ ಇಡಿ. ಅವಳಿಗಳ ಪುಸ್ತಕದಲ್ಲಿ 10 ಶಾಲಾ ದಿನ ಮೂರೇ ವಿಷಯ ಬರೆಯಲು ಟೀಚರಮ್ಮನನ್ನು ಕೇಳಿ: ಎಷ್ಟು ಗಂಟೆಗೆ ಕೂಗಿದ, ಅದಕ್ಕೆ ತುಸು ಮುಂಚೆ ಏನು ನಡೆದಿತ್ತು, ಆಮೇಲೆ ದೊಡ್ಡವರು ಏನು ಮಾಡಿದರು. ‘ಗಲಾಟೆ ಮಾಡಿದ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ದಿನಾ 11ಕ್ಕೇ ಆಗುತ್ತಿದೆ ಎಂದರೆ ಕಾರಣ ಆ ಹೊತ್ತಿನಲ್ಲೇ ಇದೆ: ಗಂಟೆಯ ಸದ್ದೋ, ಬಿಡುವಿನ ನೂಕುನುಗ್ಗಲೋ, ಹಾಲಿನ ವಾಸನೆಯೋ. ಚಿಕ್ಕ ತರಗತಿಗಳನ್ನು ಒಟ್ಟಿಗೆ ಕೂರಿಸಿ ಆಟದಂತೆ ಕಲಿಸುವ ನಲಿಕಲಿ ಕೋಣೆ ಮೊದಲೇ ಗದ್ದಲದ್ದು. ಒಬ್ಬ ಕೂಗಿದರೆ ಆ ಸದ್ದಿಗೇ ಇನ್ನೊಬ್ಬನೂ ಶುರುಮಾಡಬಹುದು. ಇಬ್ಬರನ್ನೂ ಬೇರೆ ಬೇರೆ ಗುಂಪಿನಲ್ಲಿ, ಒಬ್ಬನನ್ನು ಗೋಡೆ ಬದಿಗೆ ಕೂರಿಸಲಿ.

ಕೂಗಿದೊಡನೆ ನೀವು ಹೋಗಿ ಕರೆತಂದರೆ ಮಗು ಕಲಿಯುವುದು ಒಂದೇ, ಕೂಗಿದರೆ ಮನೆ. ಮೊದಲು ಸದ್ದಿಲ್ಲದ ಮೂಲೆಯಲ್ಲಿ 15 ನಿಮಿಷ ಬಿಡಲಿ. ಜ್ವರ, ಗಾಯ, ಗೇಟು ದಾಟಿ ಓಡಿದ್ದು, ಇಷ್ಟಕ್ಕೆ ಮಾತ್ರ ಫೋನ್ ಎಂದು ಮಾತಾಡಿಕೊಳ್ಳಿ. ಮೊದಲ ಕೆಲವು ದಿನ ಕೂಗು ಹೆಚ್ಚೇ ಆಗಬಹುದೆಂದು ಟೀಚರಿಗೆ ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಮೂರನೇ ದಿನಕ್ಕೆ ಕೈಚೆಲ್ಲುತ್ತಾರೆ.

ಇನ್ನೊಂದು ವಿಚಾರಿಸಿ: ತಮ್ಮಂದಿರನ್ನು ಸಮಾಧಾನ ಮಾಡಲು ದೊಡ್ಡವನನ್ನು ಪಾಠದ ನಡುವೆ ಎಬ್ಬಿಸಿ ಕರೆಯುತ್ತಾರೆಯೇ? ಹೌದಾದರೆ ಅದು ಇಂದೇ ನಿಲ್ಲಬೇಕು. ಅವನೂ ಓದಲು ಬಂದ ಹುಡುಗ, ಆಯಾ ಅಲ್ಲ.

ಕಾಗದದ ಕೆಲಸವೂ ಮೂರು. ಯುಡಿಐಡಿ ಕಾರ್ಡು, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಒಬ್ಬೊಬ್ಬನಿಗೂ ಬೇರೆ ಬೇಕು. ತಪಾಸಣೆಗೆ ಮೂವರನ್ನೂ ಒಂದೇ ದಿನ ಕರೆದೊಯ್ಯಬೇಡಿ, ಕೊನೆಯವನು ಸರದಿ ಬರುವಷ್ಟರಲ್ಲಿ ದಣಿದು ಅವನಾಗಿ ಉಳಿದಿರುವುದಿಲ್ಲ. ಅಂಗವೈಕಲ್ಯ 40 ಶೇಕಡಾ ಅಥವಾ ಹೆಚ್ಚು ಎಂದು ಬಂದವನಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು.

ಶಾಲೆಗೆ ಕೊಡುವ ಪತ್ರ ದೂರಿನಂತಿರಬಾರದು. ದೊಡ್ಡವನಿಗೆ ಶಾಲೆ ಮಾಡಿರುವ ಒಳ್ಳೆಯದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ನಿಮ್ಮ ಭಯಕ್ಕೆ ಅದೇ ಮದ್ದು. ನಂತರ ಮೇಲಿನ ಬೇಡಿಕೆಗಳು, ಜೊತೆಗೆ ಬಿಆರ್‌ಸಿಯ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ಇಂಥ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು, ಕಳಿಸಿಕೊಡಿ ಎಂಬ ಕೋರಿಕೆ. ಎರಡು ಪ್ರತಿ ಮಾಡಿ, ನಿಮ್ಮದರ ಮೇಲೆ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಒಂದು ತಿಂಗಳಾದರೂ ಅಲ್ಲಾಡದಿದ್ದರೆ ಶಿರಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಅವರ ಮೇಲೆ ಮಧುಗಿರಿಯ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ಶಿರಾ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು, ತುಮಕೂರಿಗೆ ಅಲೆಯಬೇಡಿ.

ಯಜಮಾನರ ಮಾತನ್ನು ತಳ್ಳಿಹಾಕಬೇಕಿಲ್ಲ. ಅವಳಿಗಳಲ್ಲಿ ಒಬ್ಬನಿಗೆ ವಿಶೇಷ ಶಾಲೆಯೇ ಸರಿ ಎಂದು ನೋಟ್‌ಬುಕ್ ಹೇಳಲೂಬಹುದು. ಹಾಗಾದರೆ ಅವನೊಬ್ಬನ ಮಾತು ಅದು. ಮನೆ ಅಡ್ವಾನ್ಸ್ ಕೊಡುವ ಮೊದಲು ಆ ಶಾಲೆಯಲ್ಲಿ ಒಂದು ವಾರ ಅವನನ್ನು ಕೂರಿಸಿ ನೋಡಿ.