ಮೂರು ತಿಂಗಳ ಹಿಂದೆ ಸ್ಟ್ರೋಕ್ ಆದ ಅಪ್ಪ 10 ಮೀಟರ್ ನಡೆಯೋಕೆ 22 ಸೆಕೆಂಡ್ ತಗೊಳ್ತಾರೆ. ಒಬ್ಬರನ್ನೇ ದೇವರಾಜ ಮಾರ್ಕೆಟ್‌ಗೆ ಕಳಿಸಬಹುದಾ?

ಈಗಲೇ ಬೇಡ. ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್, ನನ್ನ ಹತ್ತಿರ ಬರೋರಲ್ಲಿ ಸ್ಟ್ರೋಕ್ ಆದವರೇ ಜಾಸ್ತಿ.

ನಡಿಗೆಯ ವೇಗ ಅಳೆಯುವಾಗ ಶುರುವಿನ ಮತ್ತು ಕೊನೆಯ ಹೆಜ್ಜೆಗಳು ನಿಧಾನ ಇರುತ್ತವೆ. ಅದಕ್ಕೇ ಆ ಕಡೆ ಈ ಕಡೆ 2 ಮೀಟರ್ ಬಿಟ್ಟು ನಡುವಿನ 10 ಮೀಟರ್ ಮಾತ್ರ ಅಳೆಯುತ್ತೇವೆ. 22 ಸೆಕೆಂಡ್ ಅಂದರೆ ಸೆಕೆಂಡಿಗೆ ಸುಮಾರು 0.45 ಮೀಟರ್. 0.4ಕ್ಕಿಂತ ಕಮ್ಮಿ ಇದ್ದರೆ ಓಡಾಟ ಮನೆಯೊಳಗೇ. 0.8 ದಾಟಿದರೆ ಹೊರಗೆ ಆರಾಮಾಗಿ ತಿರುಗಾಡಬಲ್ಲರು ಅನ್ನೋದು ಅಂದಾಜು. ನಿಮ್ಮ ತಂದೆ ಹೊಸ್ತಿಲು ದಾಟಿ ಜಗುಲಿಗೆ ಬಂದಿದ್ದಾರೆ. ನೀವು ಹೇಳಿದ ದೇವರಾಜ ಮಾರ್ಕೆಟ್ ಇನ್ನೂ ಸ್ವಲ್ಪ ದೂರ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಸ್ಟಾಪ್‌ವಾಚನ್ನೇ ನಂಬಿದ್ದೆ. ಮಂಡ್ಯ ಕಡೆಯ ರೈತರೊಬ್ಬರು ವಾರ್ಡಿನ ನುಣುಪು ನೆಲದ ಮೇಲೆ 12 ಸೆಕೆಂಡಿಗೆ ಮುಗಿಸಿದರು. ಖುಷಿಯಾಗಿ ಮನೆಗೆ ಕಳಿಸಿದೆ. ಮುಂದಿನ ವಾರ ಮೊಣಕೈ ತರಚಿಕೊಂಡು ಬಂದರು. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದಿದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಆ ಪಾದಕ್ಕೆ ಸ್ಪರ್ಶವೇ ಕಮ್ಮಿ. ನಾನು ಬರಿಗಾಲಲ್ಲಿ ನಡೆಸಿ ನೋಡಿದ್ದೆ!

ಈಗ ಮೊದಲು ಚಪ್ಪಲಿ ತಿರುಗಿಸಿ ನೋಡುತ್ತೇನೆ. ಮುಂತುದಿ ಸವೆದಿದ್ದರೆ ಪಾದ ಎತ್ತದೆ ಎಳೆಯುತ್ತಿದ್ದಾರೆ ಅಂತ ಲೆಕ್ಕ. ಆಮೇಲೆ ಪಕ್ಕದಲ್ಲೇ ನಡೆಯುತ್ತಾ, "ಯಜಮಾನ್ರೇ, ಬೆಳಿಗ್ಗೆ ಏನು ತಿಂಡಿ?" ಅಂತೀನಿ. ಉತ್ತರ ಹೇಳೋಕೆ ನಿಂತುಬಿಟ್ಟರೆ, ನಡೆಯೋದಕ್ಕೇ ಪೂರ್ತಿ ಗಮನ ಹೋಗ್ತಿದೆ ಅಂತ. ಮಾರ್ಕೆಟಲ್ಲಿ ಹಿಂದಿನಿಂದ ಯಾರಾದರೂ ಕರೆದರೆ ಕಷ್ಟ ಅಲ್ವಾ? (ಸ್ಟ್ರೋಕಿನಿಂದ ಮಾತಿಗೂ ತೊಂದರೆ ಆಗಿದ್ದರೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.)

ಇನ್ನೊಂದು, ಕುರ್ಚಿಯಿಂದ ಎದ್ದು 3 ಮೀಟರ್ ಹೋಗಿ, ತಿರುಗಿ, ವಾಪಸ್ ಬಂದು ಕೂರೋ ಪರೀಕ್ಷೆ. ಅದರಲ್ಲಿ ಟೈಮಿಗಿಂತ ತಿರುಗೋದನ್ನೇ ನಾನು ಜಾಸ್ತಿ ನೋಡೋದು. ಎರಡು ಮೂರು ಹೆಜ್ಜೆಯಲ್ಲಿ ತಿರುಗ್ತಾರಾ, ಇಲ್ಲಾ ಇದ್ದಲ್ಲೇ ಪುಟ್ಟ ಪುಟ್ಟ ಹೆಜ್ಜೆ ಹಾಕಿ ಗೋಡೆಗೆ ಕೈ ಚಾಚ್ತಾರಾ? ಮನೆಯಲ್ಲೂ ಗಮನಿಸಬಹುದು. ಅಪ್ಪನ ಕೈಕಾಲು ಬಲ ಕಳೆದುಕೊಂಡ ಪಕ್ಕದಲ್ಲಿ, ನೀವು ಅರ್ಧ ಹೆಜ್ಜೆ ಹಿಂದೆ ಇರಿ. ಆ ಕೈ ಹಿಡಿದು ಮಾತ್ರ ಎಳೆಯಬೇಡಿ, ಭುಜಕ್ಕೆ ಪೆಟ್ಟು.

ಸ್ಟ್ರೋಕ್ ಆಗಿ ಮೂರೇ ತಿಂಗಳು ಅಂತೀರಿ. ಮುಂದಿನ ತಿಂಗಳು ಅದೇ ಜಾಗ, ಅದೇ ಚಪ್ಪಲಿ, ಅದೇ ಕೋಲಿನಲ್ಲಿ ಮತ್ತೆ ಅಳೆಸಿ. ಅಲ್ಲಿವರೆಗೆ ರಶ್ ಇಲ್ಲದ ಹೊತ್ತಲ್ಲಿ ನೀವೂ ಜೊತೆಗೆ ಹೋಗಿ. ತರಕಾರಿ ಅವರೇ ಆರಿಸಲಿ, ಚೀಲ ನೀವು ಹಿಡ್ಕೊಳ್ಳಿ.