ಲೋಟದ ಮೇಲಿನ ಕೆಂಪು ಗೆರೆ

(ನಮ್ಮ ದೀಪಾವಳಿ ವಿಶೇಷಾಂಕದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಮುಂಬಯಿ ಕನ್ನಡಿಗರೊಬ್ಬರ ದಿನಚರಿಯನ್ನು ಕುರಿತ ಆರು ರೇಖಾಚಿತ್ರಗಳು ಪ್ರಕಟವಾಗಿದ್ದವು. ಅವನ್ನು ಪತ್ರಿಕೆಯೇ ಕಲಾವಿದೆಯೊಬ್ಬರಿಂದ ಬರೆಸಿತ್ತು. ಡೊಂಬಿವಲಿಯ ಹಿರಿಯ ಓದುಗರೊಬ್ಬರು ಕಳಿಸಿದ ಪತ್ರದ ಸಾರ ಹೀಗಿದೆ: "ಹಬ್ಬದ ಸಂಚಿಕೆಯಲ್ಲಿ ಸೂಜಿ ಚುಚ್ಚಿದ ಕೈಯನ್ನು ಯಾರು ನೋಡಬೇಕು? ಚಿತ್ರಕಾರ ಕೆ. ಕೆ. ಹೆಬ್ಬಾರರ ಕುಣಿಯುವ ಗೆರೆಗಳನ್ನು ಕಂಡ ಊರಿದು. ಕಲಾವಿದೆಗೆ ಕೊಟ್ಟ ಹಣವನ್ನು ಆ ರೋಗಿಗೇ ಕೊಟ್ಟಿದ್ದರೆ ಪುಣ್ಯವಾದರೂ ಬರುತ್ತಿತ್ತು. ಅದಿರಲಿ, ಒಂದು ಚಿತ್ರದಲ್ಲೂ ಆ ಮನುಷ್ಯನ ಮುಖವಿಲ್ಲ. ಹೀಗೇ ಮುಂದುವರಿದರೆ ಚಂದಾ ನಿಲ್ಲಿಸುತ್ತೇನೆ.")

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ಓದುವಾಗ, ನಿಮ್ಮ ಒಂದು ಆಕ್ಷೇಪ ಆರು ತಿಂಗಳ ಹಿಂದೆ ನನ್ನದೇ ಆಗಿತ್ತೆಂಬುದು ನೆನಪಾಯಿತು.

ಹಬ್ಬದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಡಯಾಲಿಸಿಸ್‌ಗೆ ಹಬ್ಬದ ರಜೆ ಇಲ್ಲ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಈ ಸಲ ನರಕ ಚತುರ್ದಶಿ ನಮ್ಮ ಚಿತ್ರಗಳಲ್ಲಿರುವವರ ಸರದಿಯ ದಿನವೇ ಬಂತು. ಎಡಗೈಗೆ ಎಣ್ಣೆ ತಾಗದಂತೆ ಅಭ್ಯಂಜನ ಮುಗಿಸಿ, ಬೆಳಗಿನ ಲೋಕಲ್ ಹಿಡಿದು, ಊರೆಲ್ಲ ಪಟಾಕಿ ಸಿಡಿಸುವ ಹೊತ್ತಿಗೆ ಅವರು ಯಂತ್ರದ ಪಕ್ಕ ಮಲಗಿದ್ದರು. ಅವರ ದೀಪಾವಳಿಯೂ ನಮ್ಮ ಸಂಚಿಕೆಯಲ್ಲಿರಲಿ ಎಂದುಕೊಂಡೆವು. ನಿಮಗೆ ಅದು ಒಪ್ಪಿಗೆಯಾಗದಿದ್ದರೆ ನನ್ನಲ್ಲಿ ಬೇರೆ ಸಮಾಧಾನವಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಕಾಗದದ ವ್ಯಾಪಾರಿಗೆ, ಮುದ್ರಣಾಲಯಕ್ಕೆ, ಕರಡು ತಿದ್ದುವವರಿಗೆ ನಾವು ಕೊಟ್ಟ ಹಣವನ್ನು ಯಾವ ಓದುಗರೂ ಈವರೆಗೆ ಪ್ರಶ್ನಿಸಿಲ್ಲ. ಚಿತ್ರ ಬರೆದವರಿಗೆ ಕೊಟ್ಟಾಗ ಮಾತ್ರ ದಾನಧರ್ಮ ನೆನಪಿಗೆ ಬರುತ್ತದೆ. ನಮ್ಮ ಸಂಘಸಂಸ್ಥೆಗಳಿಗೂ ಈ ಚಾಳಿ ಇದೆ: ಶಾಮಿಯಾನದವನಿಗೆ ಮುಂಗಡ, ಕಲಾವಿದನಿಗೆ ಶಾಲು. ನಮ್ಮ ಕಲಾವಿದೆ ನಾಲ್ಕು ತಿಂಗಳು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ, ಯಂತ್ರಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಸ್ಟೂಲ್ ಹಾಕಿ ಕುಳಿತಿದ್ದಾರೆ. ಅದು ದುಡಿಮೆ. ಚಿತ್ರಕ್ಕಾಗಿ ತಮ್ಮ ಸಮಯ ಕೊಟ್ಟವರಿಗೂ ಪ್ರತಿ ಬೈಠಕ್ಕಿಗೆ ಇಷ್ಟೆಂದು ಸಂಭಾವನೆ ಕೊಟ್ಟಿದ್ದೇವೆ. ಅವರು ಮೊದಲು ಬೇಡವೆಂದರು. "ಇದು ಸಹಾಯನಿಧಿಯಲ್ಲ, ನಿಮ್ಮ ಕೂಲಿ" ಎಂದು ವಿವರಿಸಿದ ಮೇಲೆ ತೆಗೆದುಕೊಂಡರು.

ಈಗ ನನ್ನ ತಪ್ಪು. ಕಲಾವಿದೆಗೆ ನಾನು ಬರೆದ ಮೊದಲ ಪತ್ರದಲ್ಲಿ ಒಂದು ವಾಕ್ಯವಿತ್ತು: "ಚಿತ್ರಗಳಲ್ಲಿ ಭರವಸೆಯ ಸಂದೇಶವಿರಲಿ, ಕೊನೆಯ ಚಿತ್ರ ಸೂರ್ಯೋದಯದ್ದಾದರೆ ಚೆನ್ನ." ಮರುದಿನವೇ ಮುಂಗಡದ ಚೆಕ್ಕು ಹಿಂದಕ್ಕೆ ಬಂತು. ಜೊತೆಗೊಂದು ಚೀಟಿ: "ಚಿತ್ರ ಏನು ಹೇಳಬೇಕೆಂದು ನಿಮಗೆ ಮೊದಲೇ ಗೊತ್ತಿದ್ದರೆ ಕ್ಯಾಲೆಂಡರ್ ಮಾಡುವವರ ಬಳಿ ಹೋಗಿ." ಇಪ್ಪತ್ತು ವರ್ಷಗಳಿಂದ ಸಂಪಾದಕನಾಗಿರುವವನಿಗೆ ಇಂಥ ಮಾತು ಸುಲಭವಾಗಿ ಜೀರ್ಣವಾಗುವುದಿಲ್ಲ. ಎರಡು ವಾರ ಸುಮ್ಮನಿದ್ದೆ. ಆಮೇಲೆ ಮಾಟುಂಗಾದಲ್ಲಿ ಕಲಾವಿದೆಯನ್ನೂ ಚಿತ್ರಗಳಲ್ಲಿರುವವರನ್ನೂ ಭೇಟಿಯಾಗಿ, ಫಿಲ್ಟರ್ ಕಾಫಿಯ ಮುಂದೆ ಕುಳಿತು ಹೊಸ ಕರಾರು ಬರೆದೆವು. ಕಾಫಿ ಕುಡಿದವರು ನಾನು ಮತ್ತು ಕಲಾವಿದೆ. ಅವರು ಅರ್ಧ ಗುಟುಕು ಹೀರಿ ಲೋಟ ಸರಿಸಿದರು. ಆ ದಿನದ ನೀರಿನ ಲೆಕ್ಕ ಆಗಲೇ ಮುಗಿಯುತ್ತ ಬಂದಿತ್ತು.

ಆ ಲೆಕ್ಕವನ್ನು ನಾನು ಅರ್ಥ ಮಾಡಿಕೊಂಡದ್ದೇ ಚಿತ್ರಗಳಿಂದ. ಮೂತ್ರಪಿಂಡ ಕೆಲಸ ನಿಲ್ಲಿಸಿದ ಮೇಲೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿ ಸಲ ಯಂತ್ರಕ್ಕೆ ಮೊದಲು ತೂಕ, ಯಂತ್ರದ ನಂತರ ತೂಕ. ಎರಡು ಕಿಲೋ ಏರಿದ್ದರೆ ಹೆಚ್ಚುಕಡಿಮೆ ಎರಡು ಲೀಟರ್ ನೀರು ತೆಗೆಯಬೇಕೆಂದು ಅರ್ಥ. ಅವರಿಗೆ ವೈದ್ಯರು ಹಾಕಿಕೊಟ್ಟ ಮಿತಿ ದಿನಕ್ಕೆ ಮುಕ್ಕಾಲು ಲೀಟರ್. ಮಜ್ಜಿಗೆ, ಸಾರು, ಗಂಜಿಯ ತಿಳಿ ಎಲ್ಲವೂ ಅದರೊಳಗೇ. ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯವೆಂದು ಎಳನೀರೂ ಬಾಳೆಹಣ್ಣೂ ದೂರ. ಕರಾವಳಿಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಶಿಕ್ಷೆ ಬೇಕೇ? ಅವರ ಹೆಂಡತಿ ಸ್ಟೀಲ್ ಲೋಟದ ನಡುವಿಗೆ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದಿದ್ದಾರೆ. ಆರು ಚಿತ್ರಗಳಲ್ಲಿ ಬಣ್ಣವಿರುವುದು ಆ ಒಂದು ಗೆರೆಗೆ ಮಾತ್ರ. ಅದು ಮುದ್ರಣದೋಷವೇ ಎಂದು ನೀವು ಕೇಳಿದ್ದೀರಿ. ದೋಷವಲ್ಲ.

ಇನ್ನು, ನಿಮ್ಮನ್ನು ಅಷ್ಟು ಕಾಡಿದ ಕೈ. ಮುಂಗೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ರಕ್ತನಾಳ ಎರಡನ್ನು, ಒಂದು ಅಪಧಮನಿ ಒಂದು ಅಭಿಧಮನಿ, ಕೂಡಿಸುತ್ತಾರೆ. ಅಭಿಧಮನಿ ಕ್ರಮೇಣ ದಪ್ಪವಾಗಿ, ಮತ್ತೆ ಮತ್ತೆ ಸೂಜಿ ತಾಳುವಂತಾಗುತ್ತದೆ. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಏನೋ ಗುಂಯ್‌ಗುಡುವುದು ತಿಳಿಯುತ್ತದೆ. ಅವರು ಬೆಳಿಗ್ಗೆ ಎದ್ದೊಡನೆ ಮಾಡುವ ಮೊದಲ ಕೆಲಸ, ಕೈಯನ್ನು ಕಿವಿಗಿಟ್ಟುಕೊಂಡು ಆ ಸದ್ದು ಕೇಳುವುದು. ಸದ್ದು ನಿಂತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. "ಕರಾಗ್ರೇ ವಸತೇ ಲಕ್ಷ್ಮೀ ಎಂದು ಅಂಗೈ ನೋಡುತ್ತಿದ್ದೆ, ಈಗ ಮುಂಗೈ ಕೇಳುತ್ತೇನೆ" ಎಂದು ಅವರೇ ನಕ್ಕಿದ್ದರು. ನಾಲ್ಕನೆಯ ಚಿತ್ರದಲ್ಲಿ ಕೈಗೆ ಕಿವಿಗೊಟ್ಟ ತಲೆ ಹಿಂದಿನಿಂದ ಕಾಣುವುದು ಈ ಕ್ಷಣದಲ್ಲಿ.

ಮುಖ ಬೇಡವೆಂದವರು ಅವರೇ. ಇಪ್ಪತ್ತೇಳು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಅವರು. "ಚಿಲ್ಲರೆ ಎಣಿಸುತ್ತ ನಗುತ್ತಿದ್ದ ಮುಖವೇ ಜನರ ನೆನಪಿನಲ್ಲಿರಲಿ" ಎಂದರು. ಇನ್ನೊಂದು ಕಾರಣವನ್ನೂ ಹೇಳಿದರು. ಅದು ಅಚ್ಚಿಗಲ್ಲ.

ಕರಾರಿನ ಮುಖ್ಯ ಮಾತೇ ಇದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ಹಕ್ಕುಸ್ವಾಮ್ಯದ ಮೊದಲ ಒಡೆಯ ಬರೆಸಿದವನೇ. ಬರೆದವರಿಗೂ ಆ ಹಕ್ಕಿಲ್ಲ, ಚಿತ್ರದಲ್ಲಿರುವವರಿಗಂತೂ ಇಲ್ಲ. ಅಂದರೆ ಸುಮ್ಮನಿದ್ದಿದ್ದರೆ ಆ ಕೈ, ಆ ಲೋಟ, ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆಹೋದ ಆ ಹೆಂಡತಿ, ಎಲ್ಲವೂ ನಮ್ಮ ಪತ್ರಿಕೆಯ ಆಸ್ತಿಯಾಗುತ್ತಿತ್ತು. ನಾಳೆ ಯಾವುದಾದರೂ ಔಷಧದ ಜಾಹೀರಾತಿಗೆ ನಾವು ಮಾರಬಹುದಿತ್ತು. ಆದ್ದರಿಂದ ಬೇರೆ ಒಪ್ಪಂದವನ್ನೇ ಬರೆದೆವು. ಹಕ್ಕು ಕಲಾವಿದೆಯದು. ನಮಗೆ ಒಂದು ಬಾರಿ ಅಚ್ಚು ಹಾಕುವ ಅನುಮತಿ. ಯಾವ ಚಿತ್ರವನ್ನಾದರೂ, ಅಚ್ಚಿಗೆ ಹೋಗುವ ಹಿಂದಿನ ದಿನವಾದರೂ, ಕಾರಣ ಹೇಳದೆ ತಡೆಯುವ ಅಧಿಕಾರ ಚಿತ್ರದಲ್ಲಿರುವವರಿಗೆ. ಸಹಿ ಮೂವರದು. ಬರೆದದ್ದು ಹನ್ನೊಂದು ಚಿತ್ರ. ಅವರು ಐದನ್ನು ತಡೆದರು. ಆ ಐದರಲ್ಲೊಂದು, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಒಳ್ಳೆಯದು. ಇಂದಿಗೂ ಹೊಟ್ಟೆ ಉರಿಯುತ್ತದೆ.

ಹೆಬ್ಬಾರರ ಹೆಸರೆತ್ತಿದಿರಿ, ಸಂತೋಷ. ಕಟ್ಟಿಂಗೇರಿಯಿಂದ ಬಂದು ಮುಂಬಯಿಯವರೇ ಆಗಿಹೋದ ಆ ದೊಡ್ಡ ಕಲಾವಿದರ ಗೆರೆ ಕುಣಿಯುವವರ ಬಳಿಗಷ್ಟೇ ಹೋಗಲಿಲ್ಲ, ಹಸಿದವರ ಬಳಿಗೂ ಹೋಗಿತ್ತು. ನಿಮ್ಮ ಡೊಂಬಿವಲಿಯಿಂದ ದೂರವಿಲ್ಲದ ಠಾಣೆಯಲ್ಲಿ ಸುಧೀರ್ ಪಟವರ್ಧನ್ 2005ರವರೆಗೆ ಎಕ್ಸ್‌-ರೇ ನೋಡುವ ವೈದ್ಯರಾಗಿ ದುಡಿಯುತ್ತಲೇ ಈ ಊರಿನ ದುಡಿಯುವ ಜನರ ಮೈಗಳನ್ನು ಚಿತ್ರಿಸಿದರು. ಮುಂಬಯಿಯಲ್ಲಿ ಹುಟ್ಟಿ ಬರೋಡಾದಲ್ಲಿ ನೆಲೆಸಿದ್ದ ಚಿತ್ರಕಾರ ಭೂಪೇನ್ ಖಖ್ಖರ್ 2003ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಕ್ಯಾನ್ಸರನ್ನೇ ಚಿತ್ರಿಸಿದರು, ಅದರಲ್ಲೂ ತುಂಟತನ ಬಿಡದೆ. ಆದರೆ ಖಖ್ಖರ್ ಬರೆದದ್ದು ತಮ್ಮದೇ ಕಾಯಿಲೆಯನ್ನು, ಯಾರೂ ಬರೆಸಿದ್ದಲ್ಲ. ಬರೆಸುವವನ ಪಾಡು ಬೇರೆ.

ಬರೆಸಿದ ಚಿತ್ರಕ್ಕೆ ನನಗೆ ನೆನಪಾಗುವುದು ಐನೂರು ವರ್ಷ ಹಿಂದಿನದು. ಇಂದಿನ ಫ್ರಾನ್ಸಿನ ಇಸೆನ್‌ಹೈಮ್ ಎಂಬಲ್ಲಿ ಸಂತ ಆಂತೋನಿಯ ಪಂಥದ ಸನ್ಯಾಸಿಗಳದೊಂದು ಆಸ್ಪತ್ರೆಯಿತ್ತು. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈ ಉರಿದು, ಕೈಕಾಲು ಕೊಳೆಯುವ ರೋಗಕ್ಕೆ ಅಲ್ಲಿ ಆರೈಕೆ. ಸುಮಾರು 1512ರಿಂದ 1516ರ ಹೊತ್ತಿಗೆ ಅವರು ಗ್ರೂನೆವಾಲ್ಡ್ ಎಂಬ ಜರ್ಮನ್ ಚಿತ್ರಕಾರನಿಂದ ದೊಡ್ಡ ವೇದಿಕಾಚಿತ್ರ (ಪೂಜಾಪೀಠದ ಹಿಂದೆ ನಿಲ್ಲಿಸುವ ಚಿತ್ರ) ಬರೆಸಿದರು. ಅದರ ಒಂದು ಮೂಲೆಯಲ್ಲಿ ಮೈಯೆಲ್ಲ ಹುಣ್ಣಾಗಿ, ಹೊಟ್ಟೆ ಊದಿಕೊಂಡ ಒಬ್ಬ ಬಿದ್ದಿದ್ದಾನೆ. ಶಿಲುಬೆಯ ಮೇಲಿನ ಕ್ರಿಸ್ತನ ಚರ್ಮದ ತುಂಬ ಗಾಯ. ಅದನ್ನು ನೋಡಬೇಕಾದವರು ಅಲ್ಲಿನ ರೋಗಿಗಳೇ. ಹೂಬಳ್ಳಿ ಬಿಡಿಸಿಕೊಡು ಎಂದು ಸನ್ಯಾಸಿಗಳು ಕೇಳಿದಂತೆ ಕಾಣುವುದಿಲ್ಲ.

ನಾವೂ ಆರು ಚಿತ್ರಗಳ ಪ್ರತಿಗಳಿಗೆ ಚೌಕಟ್ಟು ಹಾಕಿಸಿ ಡಯಾಲಿಸಿಸ್ ವಿಭಾಗದ ಹೊರಕೋಣೆಗೆ ಕೊಡಲು ಹೋಗಿದ್ದೆವು. ಆಡಳಿತದವರು ನಿಮ್ಮ ಹಾಗೆಯೇ ಯೋಚಿಸಿ, ಗೋಡೆಗೆ ಟ್ಯುಲಿಪ್ ಹೂಗಳೇ ಸಾಕು ಎಂದರು. ಆದರೆ ವಿಶೇಷಾಂಕದ ಒಂದು ಪ್ರತಿಯನ್ನು ಚಿತ್ರದಲ್ಲಿರುವವರೇ ತಮ್ಮ ಚೀಲದಲ್ಲಿ ಒಯ್ದಿದ್ದರು. ಅದು ಹಾಸಿಗೆಯಿಂದ ಹಾಸಿಗೆಗೆ ಹೋಯಿತಂತೆ. ಪಕ್ಕದ ಮರಾಠಿ ಮಹಿಳೆಗೆ ಕನ್ನಡ ಓದಲು ಬಾರದು. ಲೋಟದ ಚಿತ್ರ ನೋಡಿದವರೇ ತಮ್ಮ ನೀರಿನ ಬಾಟಲಿ ಎತ್ತಿ, ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನು ತೋರಿಸಿದರಂತೆ.

ನಿಮ್ಮ ಪತ್ರವನ್ನು, ಹೆಸರು ಮರೆಮಾಡಿ, ಅವರಿಗೂ ಓದಿ ಹೇಳಿದೆ. ಕರಾರಿನಲ್ಲಿ ಅದೂ ಇತ್ತು. ಪುಣ್ಯದ ಮಾತಿಗೆ ಅವರು ಉತ್ತರಿಸಲಿಲ್ಲ. "ಡೊಂಬಿವಲಿಯವರಾದರೆ ನಮ್ಮ ಹೋಟೆಲಿಗೆ ಬಂದಿರಬಹುದು" ಎಂದಷ್ಟೇ ಹೇಳಿದರು.

ನಿಮ್ಮ ಚಂದಾ ಮಾರ್ಚ್‌ವರೆಗೆ ಇದೆ. ತಡೆದಿದ್ದ ಐದರಲ್ಲಿ ಒಂದು ಚಿತ್ರಕ್ಕೆ ಅವರು ಕಳೆದ ವಾರ ಒಪ್ಪಿಗೆ ಕೊಟ್ಟಿದ್ದು, ಅದು ಫೆಬ್ರವರಿ ಸಂಚಿಕೆಯಲ್ಲಿ ಬರುತ್ತದೆ. ಆ ಸಂಚಿಕೆ ಬೇಡವೆಂದರೆ ಜನವರಿ ಹದಿನೈದರೊಳಗೆ ತಿಳಿಸಿ, ಉಳಿದ ಹಣ ಹಿಂದಿರುಗಿಸುತ್ತೇವೆ.

ನಿಮ್ಮ ವಿಶ್ವಾಸಿ,
ಸಂಪಾದಕ