ಒಂದು ಸಲ ‘ಡುಬ್’ ಅಂದು ನಿಲ್ಲುವ ಗಾಡಿ

ನವೆಂಬರ್ ಬಂದರೆ ಸಾಕು, ಒಂದೇ ಥರದ ಪತ್ರಗಳು. ಕೆನಡಾದ ಆಲ್ಬರ್ಟಾ, ಮ್ಯಾನಿಟೋಬಾ, ಅಮೆರಿಕದ ಮಿನ್ನೆಸೋಟ ಕಡೆ ಇರುವ ನಮ್ಮವರು ಬೇಸಿಗೆಯಲ್ಲಿ ಹಳೆ ಎಟಿವಿ (ಗುಡ್ಡ, ಕೆಸರಲ್ಲೂ ಓಡುವ ನಾಲ್ಕು ಚಕ್ರದ ಬೈಕ್‌ನಂಥ ಗಾಡಿ) ಕೊಳ್ಳುತ್ತಾರೆ. ಮನೆ ಮುಂದಿನ ಹಿಮ ತಳ್ಳೋಣ ಅಂತ ಅದಕ್ಕೊಂದು ಬ್ಲೇಡ್ ಹಾಕಿಸುತ್ತಾರೆ. ಹಿಮ ಬಿದ್ದ ದಿನವೇ ಗಾಡಿ ಮುಷ್ಕರ ಹೂಡುತ್ತದೆ. ಕಿಲ್ ಸ್ವಿಚ್ (ಎಂಜಿನ್ ಆರಿಸುವ ಸ್ವಿಚ್), ನ್ಯೂಟ್ರಲ್, ಪೆಟ್ರೋಲ್ ಟ್ಯಾಂಕಿನ ನಲ್ಲಿ ಎಲ್ಲಾ ನೋಡಿಕೊಂಡಿದ್ದೀರಿ ಅಂದುಕೊಂಡೇ ಉತ್ತರ ಬರೆಯುತ್ತೇನೆ. ಅದನ್ನೂ ನಾನೇ ಹೇಳಬೇಕು ಅಂದರೆ ಈ ಅಂಕಣ ಮುಗಿಯುವುದಿಲ್ಲ.

ಪ್ರಶ್ನೆ: ನನ್ನದು 2006ರ ಎಟಿವಿ, ಕಾರ್ಬೊರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ಇರುವಂಥದ್ದು. ಬ್ಯಾಟರಿ ಹೊಸದು. ಮೈನಸ್ 25ರಲ್ಲಿ ಸೆಲ್ಫ್ ಹೊಡೆದರೆ ಒಂದು ಸಲ ‘ಡುಬ್’ ಅಂದು ನಿಂತುಹೋಯಿತು. ಆಮೇಲೆ ಎಷ್ಟು ಹೊಡೆದರೂ ಉಸಿರಿಲ್ಲ. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ಮನೆಯೊಳಗೆ ತಂದು ನೋಡಿದೆ, ಚೆನ್ನಾಗಿದೆ. ಮೆಕ್ಯಾನಿಕ್ ಕಾರ್ಬೊರೇಟರ್ ಬದಲಿಸಬೇಕು ಅನ್ನುತ್ತಾನೆ. ಬದಲಿಸಲೇ? (ಎಡ್ಮಂಟನ್)

ಬೇಡ. ದುಡ್ಡು ಜೇಬಿನಲ್ಲೇ ಇರಲಿ.

ಒಂದು ಸಲ ‘ಡುಬ್’ ಅಂದಿದೆ ಅಲ್ವಾ? ಅಂದರೆ ಆ ಕ್ಷಣಕ್ಕೆ ಪೆಟ್ರೋಲ್, ಗಾಳಿ, ಕಿಡಿ ಮೂರೂ ಇದ್ದವು. ಅದಾದ ಮೇಲೆ ಏನು ಕೆಟ್ಟಿತು ಅಂತ ನೋಡಬೇಕು. ನಿಮ್ಮ ಪತ್ರದಲ್ಲೇ ಉತ್ತರ ಇದೆ: ಪ್ಲಗ್ಗನ್ನು ಮನೆಯೊಳಗೆ ತಂದು ನೋಡಿದಿರಿ. ಸಾಕ್ಷಿ ದಾರಿಯಲ್ಲೇ ಕರಗಿಹೋಯಿತು.

ಪೆಟ್ರೋಲ್ ಉರಿದರೆ ನೀರಾವಿ ಹುಟ್ಟುತ್ತದೆ. ಚಳಿಗಾಲದ ಬೆಳಗ್ಗೆ ಸೈಲೆನ್ಸರ್ ಬಾಯಲ್ಲಿ ಬರುವ ಬಿಳಿ ಹೊಗೆಯಲ್ಲಿ ಹೆಚ್ಚಿನದು ಅದೇ. ಎಂಜಿನ್ ಓಡುತ್ತಿದ್ದರೆ ಅದು ಹೊರಗೆ ಹೋಗುತ್ತದೆ. ಒಂದೇ ಸಲ ಹೊತ್ತಿ ನಿಂತರೆ ಒಳಗೇ ಉಳಿಯುತ್ತದೆ. ಮೈನಸ್ 25ರ ಲೋಹದ ಮೇಲೆ ಕೂತು ಮಂಜುಗಡ್ಡೆ ಆಗುತ್ತದೆ. ಪ್ಲಗ್ಗಿನ ತುದಿಯ ಸಂದಿ ಇರುವುದೇ ಸುಮಾರು 0.7-0.8 ಮಿಲಿಮೀಟರ್. ಅದನ್ನು ಮುಚ್ಚಲು ಎಷ್ಟು ಮಂಜು ಬೇಕು? ಕಿಡಿ ಹಾರುವುದು ಅಲ್ಲಿಗೆ ನಿಂತಿತು. ನೀವು ಸುಮ್ನೆ ಸೆಲ್ಫ್ ಹೊಡೆಯುತ್ತಾ ಹೋದಿರಿ, ಪೆಟ್ರೋಲ್ ಒಳಗೆ ಹೋಗುತ್ತಲೇ ಇತ್ತು. ಈಗ ಪ್ಲಗ್ ಹೆಪ್ಪುಗಟ್ಟಿದೆ, ಎಂಜಿನ್ ಓವರ್‌ಫ್ಲೋ ಕೂಡ ಆಗಿದೆ.

ಮುಂದಿನ ಸಲ ಪ್ಲಗ್ ಬಿಚ್ಚಿದ ಜಾಗದಲ್ಲೇ ಟಾರ್ಚ್ ಬಿಟ್ಟು ನೋಡಿ. ತುದಿಯಲ್ಲಿ ಸಕ್ಕರೆ ಪುಡಿ ಅಂಟಿದ ಹಾಗೆ ಬೆಳ್ಳಗೆ ಕಂಡರೆ ಮಂಜು. ಒದ್ದೆಯಾಗಿ, ಕಪ್ಪಗೆ, ಪೆಟ್ರೋಲ್ ವಾಸನೆ ಹೊಡೆದರೆ ಓವರ್‌ಫ್ಲೋ.

ಇನ್ನು, ಮೊದಲನೆಯ ‘ಡುಬ್’ ಆದ ಮೇಲೆ ನಿಂತಿದ್ದು ಯಾಕೆ? ಹೆಬ್ಬೆರಳಿನಲ್ಲಿ ಥ್ರಾಟಲ್ (ಎಕ್ಸಲರೇಟರ್) ಒತ್ತಿದ್ದೀರಿ. ಇಲ್ಲ ಅನ್ನಬೇಡಿ, ಎಲ್ಲರೂ ಒತ್ತುತ್ತಾರೆ. ಬಜಾಜ್ ಚೇತಕ್ ಕಾಲದವರಿಗೆ ಗಾಡಿಯನ್ನು ವಾಲಿಸಿ, ಕಿಕ್ ಹೊಡೆದು, ರೇಸ್ ಕೊಟ್ಟೇ ಅಭ್ಯಾಸ. ನಾನೂ ಸಕಲೇಶಪುರದಲ್ಲಿ ಹಾಗೇ ಕಲಿತವನು. ಆದರೆ ಬಹಳಷ್ಟು ಎಟಿವಿ ಕಾರ್ಬೊರೇಟರ್‌ಗಳಲ್ಲಿ ಚಳಿಯಲ್ಲಿ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಅಂದರೆ ಗಾಳಿಗೆ ಅಡ್ಡ ಬರುವ ಬಿಲ್ಲೆ ಅಲ್ಲ. ಅದು ಹೆಚ್ಚುವರಿ ಪೆಟ್ರೋಲಿಗೆ ಇರುವ ಬೇರೆ ದಾರಿ. ಥ್ರಾಟಲ್ ಮುಚ್ಚಿದ್ದಾಗ ಎಂಜಿನ್ ಜೋರಾಗಿ ಎಳೆಯುತ್ತದೆ, ಆ ಎಳೆತಕ್ಕೆ ಪೆಟ್ರೋಲ್ ಬರುತ್ತದೆ. ಥ್ರಾಟಲ್ ಒತ್ತಿದರೆ ಎಳೆತ ಬಿದ್ದುಹೋಗುತ್ತದೆ. ಒಂದು ಕೈಯಲ್ಲಿ ಚೋಕ್ ಎಳೆದು ಇನ್ನೊಂದು ಕೈಯಲ್ಲಿ ಅದರ ಕತ್ತು ಹಿಸುಕಿದ ಹಾಗೆ.

ಈಗ ಹೀಗೆ ಮಾಡಿ. ಪೆಟ್ರೋಲ್ ನಲ್ಲಿ ಬಂದ್ ಮಾಡಿ, ಪ್ಲಗ್ ಬಿಚ್ಚಿ, ಕಾಲು ಗಂಟೆ ಬಿಡಿ. ಒಳಗಿನ ಪೆಟ್ರೋಲ್ ಆರಲಿ. ಪ್ಲಗ್ ತೆಗೆದ ತೂತಿನಿಂದ ಪೆಟ್ರೋಲ್ ಹಾರುವ ಹಾಗೆ ಸೆಲ್ಫ್ ಹೊಡೆಯುವ ವಿಡಿಯೊಗಳು ಬೇಕಾದಷ್ಟಿವೆ. ನಾನು ಹೇಳಲ್ಲ. ಒಮ್ಮೆ ಹುಬ್ಬು ಸುಟ್ಟುಕೊಂಡಿದ್ದೇನೆ. ಪ್ಲಗ್ ಒರೆಸಿ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ. ಅದಕ್ಕಿಂತ ಸುಲಭ, ಹೊಸದೊಂದು ಪ್ಲಗ್ ಯಾವಾಗಲೂ ಕೋಟಿನ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ. ಹಾಕುವಾಗ ಕೈಯಲ್ಲೇ ತಿರುಗಿಸಿ ಕೂರಿಸಿ, ಪಾನ (ಸ್ಪ್ಯಾನರ್) ಕೊನೆಗೆ. ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ಡಿನ ಮರೆ (ಥ್ರೆಡ್) ಹೋದರೆ ಆಮೇಲೆ ನನ್ನ ಹತ್ತಿರ ಅಳಬೇಡಿ. ನಲ್ಲಿ ತೆರೆಯಿರಿ. ಚೋಕ್ ಪೂರ್ತಿ, ಹೆಬ್ಬೆರಳು ಥ್ರಾಟಲ್‌ನಿಂದ ದೂರ. 5 ಸೆಕೆಂಡ್ ಸೆಲ್ಫ್, ಅರ್ಧ ನಿಮಿಷ ವಿರಾಮ. ಸ್ಟಾರ್ಟ್ ಆದರೆ ಆಫ್ ಮಾಡಬೇಡಿ. ಬಿಸಿಯಾಗುವವರೆಗೆ ಓಡಿಸಿ.

ಇಷ್ಟಾದರೂ ದಿನಾ ಇದೇ ಗೋಳು, ಆದರೆ ಬಿಸಿಯಾದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಅಂದರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದಿ) ನೋಡಿಸಿ. ಇನ್‌ಟೇಕ್ ವಾಲ್ವ್ ಸವೆದು ಬಿಗಿಯಾದರೆ ಹೀಗೇ ಆಗುತ್ತದೆ. ಸಂದಿ ಅಳೆಯುವ ತೆಳು ಪಟ್ಟಿ, ಒಂದು ಫೀಲರ್ ಗೇಜ್ ಸಾಕು. ಅದನ್ನು ಅಳೆಯದೆ ಕಾರ್ಬೊರೇಟರ್ ಮಾರಲು ಬರುವವನನ್ನು ಮೆಕ್ಯಾನಿಕ್ ಅಂತ ಕರೆಯಬೇಡಿ.

ಹೊಸ ಬ್ಯಾಟರಿಯ ಬಗ್ಗೆ ಒಂದು ಮಾತು. ಹೊಸದು ಅಂದರೆ ಚಾರ್ಜ್ ಆಗಿದೆ ಅಂತಲ್ಲ. ಮಲ್ಟಿಮೀಟರ್ ಹಿಡಿದು ಸೆಲ್ಫ್ ಹೊಡೆಯಿರಿ. ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಅಥವಾ ವೈರಿನ ಕಡೆ ನೋಡಿ. ಎಂಜಿನ್ನಿನಲ್ಲಿ 20ಡಬ್ಲ್ಯು-50 ಎಂಬ ದಪ್ಪ ಆಯಿಲ್ ಇದ್ದರೆ ಬ್ಯಾಟರಿ ಪಾಪ ಏನು ಮಾಡೀತು? ಮೈನಸ್ 25ರಲ್ಲಿ ಅದು ಬೆಲ್ಲದ ಪಾಕ. ಮ್ಯಾನ್ಯುಯಲ್‌ನಲ್ಲಿ ಉಷ್ಣಾಂಶದ ಪಟ್ಟಿ ಇದೆ. 0ಡಬ್ಲ್ಯು ಅಥವಾ 5ಡಬ್ಲ್ಯು ಅಂದಿದ್ದರೆ ಅದನ್ನೇ ಹಾಕಿ.

ಪ್ರಶ್ನೆ: ವಾರಕ್ಕೆರಡು ಸಲ 5 ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ. ಒಳ್ಳೆಯದಲ್ವಾ?

ಅಲ್ಲ. ಸೆಲ್ಫ್‌ಗೆ ಖರ್ಚಾದ ಚಾರ್ಜ್ ಅಷ್ಟರಲ್ಲಿ ವಾಪಸ್ ಬರಲ್ಲ. ನೀರಾವಿ ಆಯಿಲ್ಲಿಗೆ ಸೇರಿ ಅದು ಹಾಲು ಬೆರೆಸಿದ ಕಾಫಿ ಆಗುತ್ತದೆ. ಓಡಿಸಿದರೆ ಅರ್ಧ ಗಂಟೆ ಓಡಿಸಿ. ಇಲ್ಲವೇ ಸಣ್ಣ ಮೇಂಟೆನೆನ್ಸ್ ಚಾರ್ಜರ್ ಹಾಕಿ ಬಿಟ್ಟುಬಿಡಿ.

ಪ್ರಶ್ನೆ: ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ತಕ್ಷಣ ಸ್ಟಾರ್ಟ್ ಆಗುತ್ತದಂತೆ?

ಆಗುತ್ತದೆ. ಅದರಲ್ಲಿರುವುದು ಈಥರ್. ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಪಿಸ್ಟನ್ ಒಣ ಲೋಹದ ಮೇಲೆ ಉಜ್ಜುತ್ತದೆ. ಚಟ ನಿಮ್ಮದು, ರಿಪೇರಿ ಬಿಲ್ಲೂ ನಿಮ್ಮದು.

ಪ್ರಶ್ನೆ: ಎಂಜಿನ್ ಕೆಳಗೆ ಇದ್ದಿಲ ಕೆಂಡ ಇಟ್ಟು ಬೆಚ್ಚಗೆ ಮಾಡಬಹುದಾ? ನಮ್ಮ ಗೆಳೆಯರೊಬ್ಬರು ಗ್ಯಾರೇಜ್ ಬಾಗಿಲು ಹಾಕಿಕೊಂಡು ಹಾಗೇ ಮಾಡುತ್ತಾರೆ.

ಮೇಲೆ ಪೆಟ್ರೋಲ್ ಟ್ಯಾಂಕ್, ಕೆಳಗೆ ಕೆಂಡ, ಮುಚ್ಚಿದ ಕೋಣೆ ತುಂಬ ಕಾರ್ಬನ್ ಮೋನಾಕ್ಸೈಡ್. ನಿಮ್ಮ ಗೆಳೆಯರಿಗೆ ಇವತ್ತೇ ಫೋನ್ ಮಾಡಿ.

ಪ್ರಶ್ನೆ: ಬ್ಯಾಟರಿ ಪೂರ್ತಿ ಇಳಿದಿತ್ತು. ಈಗ ಅದರ ಹೊಟ್ಟೆ ಉಬ್ಬಿದೆ. ಕಾರಿನ ಬ್ಯಾಟರಿಯಿಂದ ವೈರ್ ಕೊಟ್ಟು ಜಂಪ್ ಮಾಡಲೇ?

ಮುಟ್ಟಬೇಡಿ. ಚಾರ್ಜ್ ಇಳಿದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಕರೆಂಟ್ ಕೊಟ್ಟರೆ ಸಿಡಿಯಬಹುದು. ಹೊಸದು ತನ್ನಿ. ಒಳ್ಳೆ ಬ್ಯಾಟರಿಗೆ ಜಂಪ್ ಮಾಡುವಾಗಲೂ ಕಾರಿನ ಎಂಜಿನ್ ಆಫ್ ಇರಲಿ.

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮ ಹೋಂಸ್ಟೇ ಇದೆ. ಬೆಳಗ್ಗೆ 12 ಡಿಗ್ರಿ ಚಳಿಗೆ ಎಟಿವಿ ಸ್ಟಾರ್ಟ್ ಆಗುತ್ತಿಲ್ಲ.

12 ಡಿಗ್ರಿ ಚಳಿಯಲ್ಲ ಸ್ವಾಮಿ. ನಿನ್ನೆ ಕೊನೆಗೆ ಓಡಿಸಿದ ಟೂರಿಸ್ಟ್ ಕೀ ಆನ್ ಬಿಟ್ಟು ಹೋದನಾ, ಮೊದಲು ಅದನ್ನು ಕೇಳಿ.